ಫ್ರಾನ್ಸ್‌ನ ಹಳ್ಳಿಯಲ್ಲಿ 'ಸಂಸ್ಕೃತಿ ವಾರಾಂತ್ಯ' ಅಂತ ದುಡ್ಡು ಕೇಳಿದರೆ ಕೊಡಬೇಡಿ

ಫ್ರಾನ್ಸ್‌ಗೆ ಓದಲು ಬಂದಿರುವವರು, ಬರಲು ತಯಾರಾಗುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಪ್ಯಾರಿಸ್ ಬಿಟ್ಟು ದಿಜೋನ್, ಬೋನ್ ಕಡೆಯ ಕಾಲೇಜುಗಳಿಗೆ ಸೇರಿದವರು.

ಸೆಪ್ಟೆಂಬರ್‌ನಲ್ಲಿ ಕ್ಲಾಸು ಶುರುವಾದ ಹೊಸದರಲ್ಲೇ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಪೋಸ್ಟರ್ ಬಂತು. ದಿಜೋನ್, ಬೋನ್ ಸುತ್ತಲಿನ ವೈನ್ ಪ್ರದೇಶ ಬರ್ಗಂಡಿಯ ಹಳ್ಳಿಯಲ್ಲಿ ಶನಿವಾರ, ಭಾನುವಾರ. ದ್ರಾಕ್ಷಿ ಕೊಯ್ಲು, ಹಳೆಯ ಚರ್ಚು, ಹಳ್ಳಿ ಮನೆಯಲ್ಲಿ ವಾಸ, ಕೊನೆಗೆ 'ಪೋಲೆ'. ಪೋಲೆ ಅಂದರೆ ಕೊಯ್ಲು ಮುಗಿದ ಖುಷಿಗೆ ತೋಟದವರು ಕೆಲಸ ಮಾಡಿದವರಿಗೆಲ್ಲ ಹಾಕುವ ದೊಡ್ಡ ಊಟ. ತಲಾ 160 ಯೂರೋ, ಮುಂಗಡವಾಗಿ. ಕಳಿಸಿದ್ದು ಒಬ್ಬ ಸೀನಿಯರ್. ಜನ ಸೇರಿಸಿಕೊಟ್ಟರೆ ಪ್ರವಾಸ ಸಂಸ್ಥೆಯಿಂದ ಅವರಿಗೆ ತಲೆಗಿಷ್ಟು ಅಂತ ಸಿಗುತ್ತಿತ್ತು ಅನ್ನುವುದು ಆಮೇಲೆ ತಿಳಿಯಿತು.

ಹೋದ ತಕ್ಷಣ ಕೈಗೊಂದು ಕತ್ತರಿ, ಒಂದು ಪ್ಲಾಸ್ಟಿಕ್ ಬಕೆಟ್. ಬರ್ಗಂಡಿಯ ದ್ರಾಕ್ಷಿ ಬಳ್ಳಿ ತುಂಬಾ ಗಿಡ್ಡ. ಗೊಂಚಲು ಮೊಣಕಾಲಿನ ಎತ್ತರದಲ್ಲಿ ಇರುತ್ತದೆ. ಹಾಗಾಗಿ ಬಗ್ಗಿಯೇ ಇರಬೇಕು, ಇಲ್ಲವೇ ಮಂಡಿ ಊರಬೇಕು. ಒಂದು ಗಂಟೆ ಮಾಡಿ ನೋಡೋಣ ಅಂದುಕೊಂಡಿದ್ದೆವು. ಬೆಳಗ್ಗೆಯಿಂದ ಸಂಜೆವರೆಗೆ ಮಾಡಿಸಿದರು. ನಿಂತು ಬೆನ್ನು ನೆಟ್ಟಗೆ ಮಾಡಿದರೆ 'ಸಾಲು ಮುಗಿಸಿ' ಅಂತ ಕೂಗು. ಪಕ್ಕದ ಸಾಲಿನಲ್ಲಿ ಕೂಲಿಗೆ ಬಂದ ಕೆಲಸಗಾರರಿದ್ದರು. ಅವರು ಮಾಡುತ್ತಿದ್ದ ಕೆಲಸವೇ ನಮ್ಮದೂ. ಕೊಡಗಿನಲ್ಲಿ ಕಾಫಿ ಕೊಯ್ಯಲು ಹೋದವರಿಂದಲೇ ದುಡ್ಡು ವಸೂಲಿ ಮಾಡಿದಂತಾಯಿತು ಇದು.

ಮಧ್ಯಾಹ್ನ ನಮ್ಮ ಜೊತೆಗಿದ್ದ ಪುಣೆಯ ಹುಡುಗಿ ಎಡಗೈ ಹೆಬ್ಬೆರಳು ಕೊಯ್ದುಕೊಂಡಳು. ಕತ್ತರಿ ಉಗುರಿನ ಪಕ್ಕ ಆಳಕ್ಕೆ ಹೋಗಿತ್ತು. ದ್ರಾಕ್ಷಿ ರಸದಿಂದ ಬೆರಳುಗಳೆಲ್ಲ ಕಪ್ಪಗೆ ಅಂಟಂಟಾಗಿದ್ದರಿಂದ ಎಷ್ಟು ರಕ್ತ ಹೋಗುತ್ತಿದೆ ಅಂತಲೂ ಕಾಣುತ್ತಿರಲಿಲ್ಲ. ನಮ್ಮನ್ನು ಕರೆದುಕೊಂಡು ಹೋದವರು ಡಾಕ್ಟರಿಗೆ ಫೋನ್ ಮಾಡಲಿಲ್ಲ. ಟಿಶ್ಯೂ ಪೇಪರ್ ಸುತ್ತಿ, 'ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಅಡುಗೆ ಮಾಡುವಾಗ ಕೊಯ್ದುಕೊಂಡೆ ಅನ್ನು' ಅಂತ ಹೇಳಿಕೊಟ್ಟರು. ನನಗೆ ಇವತ್ತಿಗೂ ಕೋಪ ಬರುವುದು ಈ ಮಾತಿಗೇ. 160 ಯೂರೋ ಹೋದದ್ದಕ್ಕಲ್ಲ.

ಸುಳ್ಳು ಹೇಳಿಸಿದ್ದು ಯಾಕೆ ಅಂತ ಕೇಳಿ. ಲಾಭಕ್ಕೆ ನಡೆಯುವ ತೋಟದಲ್ಲಿ ಪುಕ್ಕಟೆ ಸ್ವಯಂಸೇವಕರನ್ನು ಇಟ್ಟು ಕೂಲಿಯವರ ಕೆಲಸ ಮಾಡಿಸಲು ಫ್ರಾನ್ಸ್‌ನ ಕಾನೂನು ಒಪ್ಪುವುದಿಲ್ಲ. ಕೆಲಸ ಅಂದಮೇಲೆ ಒಪ್ಪಂದ ಪತ್ರ ಬೇಕು, ಶುರುವಾಗುವ ಮುಂಚೆಯೇ ಸರ್ಕಾರಕ್ಕೆ ತಿಳಿಸಿರಬೇಕು, ಕನಿಷ್ಠ ಕೂಲಿ ಕೊಡಬೇಕು. ಅದು ಕಡಿತಕ್ಕೆ ಮುಂಚೆ ಗಂಟೆಗೆ ಸುಮಾರು 12 ಯೂರೋ. ಯಾವ ಕಾಗದದಲ್ಲೂ ನಿಮ್ಮ ಹೆಸರಿಲ್ಲ ಅಂದರೆ, ಗಾಯ ಕೆಲಸದಲ್ಲೇ ಆಯಿತು ಅಂತ ಸಾಬೀತು ಮಾಡುವ ಪಾಡು ನಿಮ್ಮದು. 2023ರ ಕೊಯ್ಲಿನಲ್ಲಿ ಶಾಂಪೇನ್ ಪ್ರದೇಶದಲ್ಲಿ 50ಕ್ಕೂ ಹೆಚ್ಚು ವಲಸೆ ಕೆಲಸಗಾರರನ್ನು ಹೀನಾಯ ಸ್ಥಿತಿಯಲ್ಲಿ ಇರಿಸಿದ್ದರು. ಅದನ್ನು ಮಾನವ ಕಳ್ಳಸಾಗಣೆ ಅಂತ ಹೇಳಿ 2025ರಲ್ಲಿ ಕೋರ್ಟು ಶಿಕ್ಷೆ ಕೊಟ್ಟಿತು. ನಮ್ಮ ಕಷ್ಟ ಅದರ ಮುಂದೆ ಏನೂ ಅಲ್ಲ, ನಿಜ. ಆದರೆ ಕೊಯ್ಲಿನ ಹೊತ್ತಿಗೆ ಅಗ್ಗದ ಕೈಗಳನ್ನು ಹುಡುಕುವವರು ಅಲ್ಲಿ ಇದ್ದಾರೆ ಅನ್ನುವುದನ್ನು ತಿಳಿದಿರಬೇಕು.

ರಾತ್ರಿ ಮಲಗಲು ಕೊಟ್ಟದ್ದು ಉಗ್ರಾಣ, ಮಡಚುವ ಮಂಚ, ತಣ್ಣೀರು. ಪೋಲೆ ಹೆಸರಲ್ಲಿ ಬ್ರೆಡ್ಡು, ಚೀಸು, ಬ್ರೆಡ್ಡಿಗೆ ಹಚ್ಚುವ ಹಂದಿ ಮಾಂಸದ ಪಾತೆ. ಸಸ್ಯಾಹಾರಿಗಳಿಗೆ ಬರೀ ಬ್ರೆಡ್ಡು, ಚೀಸು. ವಾಪಸ್ ಹೊರಡೋಣ ಅಂದರೆ ಭಾನುವಾರ ಆ ಊರಿಗೆ ಬಸ್ಸೇ ಇಲ್ಲ. ಫ್ರಾನ್ಸ್‌ನ ಎಷ್ಟೋ ಹಳ್ಳಿಗಳಲ್ಲಿ ಹೀಗೇ. ಕರೆದುಕೊಂಡು ಹೋದವರ ವ್ಯಾನ್ ಬಿಟ್ಟರೆ ಬೇರೆ ದಾರಿ ಇಲ್ಲದಂತೆ ಸಿಕ್ಕಿಬೀಳುತ್ತೀರಿ.

ಅವತ್ತು ನಡೆದುಕೊಂಡೇ ಊರೊಳಗೆ ಹೋದೆವು. ನೋಡಿದರೆ ಚರ್ಚಿನ ಬಾಗಿಲು ತೆಗೆದಿದೆ, ಗಂಟೆ ಗೋಪುರಕ್ಕೆ ಜನರನ್ನು ಹತ್ತಿಸುತ್ತಿದ್ದಾರೆ, ಹಿಂದೆ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಕಟ್ಟೆಯ ಹತ್ತಿರ ಒಬ್ಬರು ಅಜ್ಜಿ ನಿಂತು ಮಕ್ಕಳಿಗೆ ಕಥೆ ಹೇಳುತ್ತಿದ್ದಾರೆ. ಸೆಪ್ಟೆಂಬರ್ ಮೂರನೇ ವಾರಾಂತ್ಯ ದೇಶವಿಡೀ ಪಾರಂಪರಿಕ ತಾಣಗಳ ದಿನ. 1984ರಿಂದ ನಡೆದುಕೊಂಡು ಬಂದಿದೆ. ಅಲ್ಲಿ ನಮ್ಮಿಂದ ಯಾರೂ ಒಂದು ಪೈಸೆ ಕೇಳಲಿಲ್ಲ. ನಮ್ಮ ಹರುಕುಮುರುಕು ಫ್ರೆಂಚ್ ಕೇಳಿಸಿಕೊಂಡು ಆ ಅಜ್ಜಿ ಹೆಬ್ಬೆರಳು ತೊಳೆದು ಪಟ್ಟಿ ಕಟ್ಟಿದರು. ತಮ್ಮ ಮಗನ ಕಾರಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಕಳಿಸಿದರು. ಸಂಸ್ಕೃತಿ ಅಂತ ನಾವು ನೋಡಿದ್ದು ಅಂದರೆ ಅದೊಂದೇ.

ದುಡ್ಡು ವಾಪಸ್ ಬರಲಿಲ್ಲ. ಫ್ರಾನ್ಸ್‌ನಲ್ಲಿ ಆನ್‌ಲೈನ್ ಖರೀದಿಗೆ 14 ದಿನದೊಳಗೆ ಬೇಡ ಅನ್ನುವ ಹಕ್ಕು ಇದೆಯಲ್ವಾ ಅಂತ ವಾದ ಮಾಡಿದೆವು. ದಿನಾಂಕ ಗೊತ್ತುಮಾಡಿದ ವಾಸ್ತವ್ಯ, ಮನರಂಜನೆಗೆ ಅದು ಅನ್ವಯ ಆಗುವುದಿಲ್ಲ. ಆದರೆ ಇನ್ನೊಂದು ವಿಷಯ ಗೊತ್ತಾಯಿತು. ವಾಸ, ಓಡಾಟ ಸೇರಿಸಿ ಪ್ಯಾಕೇಜ್ ಮಾರುವವರು 'ಆತೂ ಫ್ರಾನ್ಸ್' ಎಂಬ ಪ್ರವಾಸೋದ್ಯಮ ಸಂಸ್ಥೆಯ ನೋಂದಣಿಯಲ್ಲಿ ಇರಲೇಬೇಕು. ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು. ಇವರ ಹೆಸರು ಅಲ್ಲಿ ಇರಲಿಲ್ಲ. ಸರ್ಕಾರದ 'ಸಿಗ್ನಲ್ ಕೊಂಸೋ' ತಾಣದಲ್ಲಿ ದೂರು ಹಾಕಿದ್ದೇವೆ.

ಹಳ್ಳಿ ಜೀವನ ನೋಡುವ ಆಸೆ ತಪ್ಪಲ್ಲ, ಖಂಡಿತ ಹೋಗಿ. ಸೆಪ್ಟೆಂಬರ್ ಶುರುವಿನಲ್ಲಿ ಹೆಚ್ಚಿನ ಊರುಗಳಲ್ಲಿ ಸಂಘ ಸಂಸ್ಥೆಗಳ ಮೇಳ ನಡೆಯುತ್ತದೆ. ಹಾಡು, ಚಾರಣ, ನಾಟಕ, ಲೋಹದ ಚೆಂಡು ಎಸೆಯುವ ಪೆತಾಂಕ್ ಆಟ, ಎಲ್ಲದಕ್ಕೂ ಒಂದೊಂದು ಸಂಘ. ವರ್ಷದ ಚಂದಾ ಜಾಸ್ತಿ ಇರುವುದಿಲ್ಲ. ಊರ ಕಚೇರಿ 'ಮೇರಿ'ಯ ನೋಟಿಸ್ ಬೋರ್ಡ್ ನೋಡಿದರೆ ಮುಂದಿನ ಸಂತೆ, ಲೊಟ್ಟೊ ರಾತ್ರಿ ಎಲ್ಲ ಗೊತ್ತಾಗುತ್ತದೆ. ಕೊಯ್ಲೇ ಮಾಡಬೇಕು ಅಂತಿದ್ದರೆ ಸರ್ಕಾರದ ಉದ್ಯೋಗ ತಾಣ 'ಫ್ರಾನ್ಸ್ ತ್ರವಾಯ್'ನಲ್ಲಿ ಹುಡುಕಿ. ವಿದ್ಯಾರ್ಥಿ ವೀಸಾದಲ್ಲಿ ವರ್ಷಕ್ಕೆ 964 ಗಂಟೆ ಕೆಲಸ ಮಾಡಬಹುದು. ಆಗ ತೋಟದವರೇ ನಿಮಗೆ ಕೂಲಿ ಕೊಡುತ್ತಾರೆ.

ಈಗ ಅದೇ ಸೀನಿಯರ್ ಇನ್ನೊಂದು ಪೋಸ್ಟರ್ ಹಂಚುತ್ತಿದ್ದಾರೆ. ಜನವರಿ ಕೊನೆಯಲ್ಲಿ ಬರ್ಗಂಡಿಯ ಹಳ್ಳಿಗಳಲ್ಲಿ ಸರದಿಯ ಮೇಲೆ ನಡೆಯುವ, ದ್ರಾಕ್ಷಿ ಬೆಳೆಗಾರರ ಸಂತ ವಿನ್ಸೆಂಟ್ ಹಬ್ಬಕ್ಕೆ, ಇನ್ನೂ ಜಾಸ್ತಿ ರೇಟು. ಅಲ್ಲಿ ವೈನ್ ರುಚಿ ನೋಡುವ ಗ್ಲಾಸಿಗೆ ದುಡ್ಡು ಇದೆ, ಸರಿ. ಮೆರವಣಿಗೆ ಮಾತ್ರ ಊರ ಬೀದಿಯಲ್ಲಿ ಎಲ್ಲರ ಎದುರೇ ಹೋಗುತ್ತದೆ. ಪೋಸ್ಟರ್ ನಿಮಗೂ ಬಂದರೆ ದುಡ್ಡು ಕಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ನಮ್ಮ ಹಾಗೆ ನೀವೂ ದೂರು ಹಾಕಿ.