ಸೌರವಿದ್ಯುತ್ತಿಗೆ ಗುತ್ತಿಗೆ ಜಮೀನೋ, ಮನೆಯ ತಾರಸಿಯೋ?

ಸೌರವಿದ್ಯುತ್ ಪಡೆಯಲು ಬೆಳವಣಿಗೆ, ಹವಾಮಾನ, ಜನರ ಒಪ್ಪಿಗೆ ಮೂರಕ್ಕೂ ಹೊಂದುವ ದಾರಿ ಯಾವುದು? ತುಮಕೂರು ಜಿಲ್ಲೆಯ ಪಾವಗಡದಲ್ಲಿ ಗುತ್ತಿಗೆ ಜಮೀನಿನ ಮೇಲಿರುವ ಸೌರ ಪಾರ್ಕನ್ನೂ ತಾರಸಿಯ ಫಲಕಗಳನ್ನೂ ಎದುರುಬದುರು ಇಟ್ಟು ನೋಡೋಣ.

ವೇಗದಲ್ಲೂ ಕಡಿಮೆ ವೆಚ್ಚದಲ್ಲೂ ಪಾರ್ಕೇ ಮುಂದು: ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ಒಪ್ಪಿಗೆಯ ಮಾತು ಬಂದಾಗ ಲೆಕ್ಕ ತೊಡಕಾಗುತ್ತದೆ. ಅಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಜಾಣ ನಡೆಯೇ, ಪಹಣಿಯಲ್ಲಿ ರೈತರ ಹೆಸರು ಹಾಗೇ ಉಳಿಯಿತು. ಆದರೆ ಪಹಣಿಯೇ ಇಲ್ಲದ ಕೂಲಿಯವರಿಗೆ ಶೇಂಗಾ ಹೊಲದ ಕೆಲಸವೂ ಹೋಯಿತು, ಗುತ್ತಿಗೆಯ ಹಣವೂ ಬರಲಿಲ್ಲ.

ತಾರಸಿಗೆ ಊರಿನ ಒಪ್ಪಿಗೆ ಬೇಡ. 3 ಕಿಲೋವ್ಯಾಟ್‌ಗೆ ಕೇಂದ್ರದ 78,000 ರೂಪಾಯಿ ಸಹಾಯಧನವೂ ಇದೆ. ಸ್ವಂತ ತಾರಸಿ ಮಾತ್ರ ಬೇಕು!

ಮಳೆ ಕೈಕೊಡುವ ಒಣಭೂಮಿಗೆ, ಕೂಲಿಯವರಿಗೂ ಪಾಲು ಸಿಗುವ ಷರತ್ತಿನೊಂದಿಗೆ, ಗುತ್ತಿಗೆ ಸರಿ. ನೀರಾವರಿ ಹೊಲವಿರುವಲ್ಲಿ ತಾರಸಿಯೇ ಲೇಸು.