ಕಾರಿಗೆಂದೇ ಹಾಕಿಸಿದ ಬೇರೆ ಮೀಟರ್: ಯಾರಿಗೆ ಲಾಭ, ಎಷ್ಟು ಲಾಭ

ವಿದ್ಯುತ್ ಕಾರು ಕೊಳ್ಳಲು ಹೊರಟವರು ನನ್ನನ್ನು ಮೊದಲು ಕೇಳುವುದು, "ಚಾರ್ಜರ್ ಹಾಕಿಸೋಕೆ ಸರ್ಕಾರ ಎಷ್ಟು ಕೊಡುತ್ತೆ?" ಎಂದು. ಕರ್ನಾಟಕದಲ್ಲಿ ಸ್ವಂತ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳುವವರು ಕೇಳಬೇಕಾದ ಪ್ರಶ್ನೆ ಬೇರೆ: ಕಾರಿನ ವಿದ್ಯುತ್ತು ಯಾವ ಮೀಟರಿನಲ್ಲಿ ಓಡಬೇಕು? ನಮ್ಮ ಮಟ್ಟಿಗೆ ಸರ್ಕಾರದ ನೆರವು ಇರುವುದು ಆ ಉತ್ತರದಲ್ಲೇ. 2023ರ ಮಧ್ಯದಲ್ಲಿ ಕಾರಿಗೆಂದೇ ಬೇರೆ ಸಂಪರ್ಕ ಪಡೆದವನು ನಾನು. ಅಂದಿನಿಂದ ದರಗಳು ಬದಲಾಗಿವೆ, ನಿಯಮಗಳೂ ಬದಲಾಗಿವೆ. ಈ ಸಂಪರ್ಕ ಈಗಲೂ ಲಾಭವೇ ಎಂದು ಹಲವರು ಕೇಳುತ್ತಿರುವುದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ತುಮಕೂರಿನಲ್ಲಿ ಎರಡು ಅಂತಸ್ತಿನ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಕಾರಿನ ಬ್ಯಾಟರಿ ಸುಮಾರು 40 ಕಿಲೋವ್ಯಾಟ್ ಅವರ್‌ನದು. ವಾರದಲ್ಲಿ ಒಂದೆರಡು ಸಲ ಬೆಂಗಳೂರಿಗೆ ಹೋಗಿಬರುತ್ತೇನೆ, ಮಿಕ್ಕಂತೆ ಊರೊಳಗಿನ ಓಡಾಟ. ತಿಂಗಳಿಗೆ ಹೆಚ್ಚುಕಮ್ಮಿ 200 ಯುನಿಟ್ ಕಾರಿಗೇ ಬೇಕು. ಮುಂದಿನ ಲೆಕ್ಕವೆಲ್ಲ ಈ ಪ್ರಮಾಣದ್ದು. ನಿಮ್ಮ ಓಟ ಕಡಿಮೆಯಿದ್ದರೆ ಲಾಭವೂ ಅಷ್ಟೇ ಕಡಿಮೆಯಾಗುತ್ತದೆ.

ದೊಡ್ಡ ಸುದ್ದಿಯಾಗುವ ಸಹಾಯಧನಗಳ ವಿಷಯ ಮೊದಲು ಮುಗಿಸಿಬಿಡುತ್ತೇನೆ. ವಿದ್ಯುತ್ ವಾಹನಗಳಿಗೆಂದೇ ನೀತಿಯೊಂದನ್ನು ದೇಶದಲ್ಲಿ ಮೊದಲು ತಂದ ರಾಜ್ಯ ನಮ್ಮದು, 2017ರಲ್ಲಿ. ಆ ನೀತಿಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ ಶೇ 25ರ ಬಂಡವಾಳ ಸಹಾಯಧನವಿತ್ತು, ಕೇಂದ್ರವೊಂದಕ್ಕೆ ಗರಿಷ್ಠ 10 ಲಕ್ಷ ರೂಪಾಯಿ. ಆದರೆ ಅದು ಮೊದಲ 100 ವೇಗದ ಚಾರ್ಜಿಂಗ್ ಕೇಂದ್ರಗಳಿಗೆ ಮೀಸಲು. ಕೇಂದ್ರ ಸರ್ಕಾರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್‌ಗೆಂದು ಇಟ್ಟ 2,000 ಕೋಟಿ ರೂಪಾಯಿ ಕೂಡ ಸಾರ್ವಜನಿಕ ಕೇಂದ್ರಗಳಿಗೆ ಹೋಗುವಂಥದ್ದು. ಇವುಗಳ ಫಲ ನಮಗೆ ಸಿಗುವುದಿಲ್ಲ ಎನ್ನಲಾರೆ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶದಲ್ಲೇ ಮುಂಚೂಣಿಯಲ್ಲಿದೆ, ಬೆಂಗಳೂರಿನಲ್ಲಿ ಚಾರ್ಜ್ ಖಾಲಿಯಾಗುವ ಭಯ ನನಗೆ ಎಂದೋ ಹೋಯಿತು. ಹಾಗಿದ್ದೂ ಮನೆಯ ಗೋಡೆಗೆ ಚಾರ್ಜರ್ ಹಾಕಿಸುವವರಿಗೆ ಸಿಕ್ಕ ನೇರ ಉಳಿತಾಯವೆಂದರೆ ಜಿಎಸ್‌ಟಿ ಇಳಿಕೆ. 2019ರ ಆಗಸ್ಟ್ 1ರಿಂದ ಚಾರ್ಜರ್‌ಗಳ ಮೇಲಿನ ತೆರಿಗೆ ಶೇ 18ರಿಂದ 5ಕ್ಕೆ ಇಳಿಯಿತು. ಸಾರ್ವಜನಿಕ ಕೇಂದ್ರದಲ್ಲಿ ಚಾರ್ಜ್ ಮಾಡಿಸಿಕೊಂಡರೆ ಆ ಸೇವೆಗೆ ಮಾತ್ರ ಶೇ 18 ಜಿಎಸ್‌ಟಿ ಬೀಳುತ್ತದೆ. ಮನೆಯಲ್ಲಿ ಚಾರ್ಜ್ ಮಾಡುವುದು ಅಗ್ಗವಾಗಲು ಇದೂ ಒಂದು ಕಾರಣ.

ಇನ್ನು ಮೀಟರಿನ ವಿಷಯ. ವಿದ್ಯುತ್ ವಾಹನಗಳ ಚಾರ್ಜಿಂಗ್‌ಗೆ ಎಲ್‌ಟಿ-6(ಸಿ) ಎಂಬ ಬೇರೆಯದೇ ದರವರ್ಗವಿದೆ. 2018ರಲ್ಲಿ ಕೆಇಆರ್‌ಸಿ (ರಾಜ್ಯದ ವಿದ್ಯುತ್ ದರ ನಿಗದಿ ಮಾಡುವ ಆಯೋಗ) ಯುನಿಟ್‌ಗೆ 4 ರೂಪಾಯಿ 85 ಪೈಸೆ ನಿಗದಿ ಮಾಡಿತು, ಆಮೇಲೆ ದರ ನಾಲ್ಕೂವರೆ, ಐದರ ಆಸುಪಾಸಿನಲ್ಲೇ ಓಡಾಡಿದೆ. ನಾನು ಅರ್ಜಿ ಹಾಕುವ ಹೊತ್ತಿಗೆ ಗೃಹಬಳಕೆಯ ದರ ಏರಿತ್ತು: 2023ರ ಮೇ ಆದೇಶದ ಪ್ರಕಾರ ತಿಂಗಳಿಗೆ 100 ಯುನಿಟ್ ದಾಟಿದರೆ ಬಳಸಿದ ಅಷ್ಟೂ ಯುನಿಟ್‌ಗೆ ತಲಾ 7 ರೂಪಾಯಿ. ಎರಡು ದರಗಳ ನಡುವೆ ಎರಡೂವರೆ ರೂಪಾಯಿಯ ಅಂತರ. ಕಾರಿನ 200 ಯುನಿಟ್‌ಗೆ ತಿಂಗಳಿಗೆ 500 ರೂಪಾಯಿ ಉಳಿಯುತ್ತದೆ ಎಂಬ ಲೆಕ್ಕದ ಮೇಲೆ ಮುಂದುವರಿದೆ.

ಅದೇ ಹೊತ್ತಿಗೆ ಗೃಹಜ್ಯೋತಿ ಬಂತು. ಈ ವಿಮರ್ಶೆಯಲ್ಲಿ ಒಂದೇ ಪ್ಯಾರಾ ಓದುತ್ತೀರಾದರೆ ಇದನ್ನು ಓದಿ. ಗೃಹಜ್ಯೋತಿಯಲ್ಲಿ ನಿಮ್ಮ 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟು ವಿದ್ಯುತ್ ಉಚಿತ. ಅದನ್ನು ಮೀರಿ 200 ಯುನಿಟ್‌ವರೆಗೆ ಹೋದರೆ ಹೆಚ್ಚುವರಿಗೆ ಮಾತ್ರ ಹಣ ಕಟ್ಟಬೇಕು. 200 ದಾಟಿದಿರೋ, ಪೂರ್ತಿ ಬಿಲ್ಲು ನಿಮ್ಮ ಮೇಲೇ. ತಿಂಗಳಿಗೆ 130 ಯುನಿಟ್ ಬಳಸುತ್ತ ಶೂನ್ಯ ಬಿಲ್ಲು ಪಡೆಯುವ ಮನೆಯೊಂದನ್ನು ತೆಗೆದುಕೊಳ್ಳಿ. ಆ ಮನೆಯ ಮೀಟರಿಗೇ ಕಾರನ್ನು ಜೋಡಿಸಿದರೆ ಬಳಕೆ 330ಕ್ಕೆ ಏರುತ್ತದೆ. 2024ರಲ್ಲಿ ಇಳಿದ ದರದಂತೆ ಯುನಿಟ್‌ಗೆ 5 ರೂಪಾಯಿ 90 ಪೈಸೆ ಹಿಡಿದರೂ 1,947 ರೂಪಾಯಿ, ಅದರ ಮೇಲೆ ಸ್ಥಿರ ಶುಲ್ಕ, ತೆರಿಗೆ. ಕಾರಿಗೆ ಬೇರೆ ಮೀಟರ್ ಇದ್ದರೆ ಮನೆಯ ಬಿಲ್ಲು ಶೂನ್ಯವಾಗಿಯೇ ಉಳಿಯುತ್ತದೆ. ಕಾರಿನ 200 ಯುನಿಟ್‌ಗೆ ನಾಲ್ಕೂವರೆಯಂತೆ 900 ರೂಪಾಯಿ ಮತ್ತು ಆ ಸಂಪರ್ಕದ ಸ್ಥಿರ ಶುಲ್ಕ ಕಟ್ಟಿದರಾಯಿತು. ಚಾರ್ಜಿಂಗ್ ದರದ ರಿಯಾಯಿತಿಗಿಂತ ಗೃಹಜ್ಯೋತಿ ಕೈಬಿಟ್ಟು ಹೋಗದಂತೆ ಕಾಯುವುದರಲ್ಲೇ ಈ ಮೀಟರಿನ ದೊಡ್ಡ ಲಾಭವಿದೆ. ಇದನ್ನು ಯಾವ ಕಾರಿನ ಷೋರೂಮಿನಲ್ಲೂ ನನಗೆ ಯಾರೂ ಹೇಳಲಿಲ್ಲ. ಹೇಳಬೇಕಿತ್ತು. ಮಧ್ಯಮ ವರ್ಗದ ಮನೆಗೆ ತಿಂಗಳಿಗೆ ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ.

ಗೃಹಜ್ಯೋತಿ ಇಲ್ಲದ ಮನೆಗಳ ಪಾಡು ಬೇರೆ. 2024ರ ಏಪ್ರಿಲ್‌ನಿಂದ ಗೃಹಬಳಕೆಯ ದರ 7ರಿಂದ 5 ರೂಪಾಯಿ 90 ಪೈಸೆಗೆ ಇಳಿಯಿತು, ಮರುವರ್ಷ ಇನ್ನೂ 10 ಪೈಸೆ ಕಡಿಮೆಯಾಯಿತು. ಎಸಿ, ಗೀಸರ್ ಎಂದು ಮೊದಲೇ ತಿಂಗಳಿಗೆ 300 ಯುನಿಟ್ ಬಳಸುವ ಮನೆಯಲ್ಲಿ ಆ ದರದಲ್ಲಿ ಕಾರಿನಿಂದ ಹೆಚ್ಚುವುದು 1,160 ರೂಪಾಯಿ. ಬೇರೆ ಮೀಟರಿನಲ್ಲಾದರೆ 900. ಉಳಿಯುವ 260 ರೂಪಾಯಿಯಲ್ಲಿ ಹೊಸ ಸಂಪರ್ಕದ ತಿಂಗಳ ಸ್ಥಿರ ಶುಲ್ಕ ಕಳೆಯಬೇಕು. 7 ಕಿಲೋವ್ಯಾಟ್ ಲೋಡ್ (ಒಮ್ಮೆಗೆ ಎಳೆಯಬಹುದಾದ ಗರಿಷ್ಠ ವಿದ್ಯುತ್ತು) ಪಡೆದಿದ್ದರೆ ಕೈಯಲ್ಲಿ ಏನೂ ಉಳಿಯದೆ ಹೋಗಬಹುದು. ನನ್ನ ಷಡ್ಡಕರದು ಇಂಥದ್ದೇ ಮನೆ. "ನೀನು ಹಾಕಿಸಿದೀಯಲ್ಲ, ನಾನೂ ಹಾಕಿಸ್ತೀನಿ" ಎಂದವರಿಗೆ ಬೇಡವೆಂದೇ ಹೇಳಿದೆ. ಅವರ ಮನೆಯ ಮಂಜೂರಾದ ಲೋಡಿನಲ್ಲಿ ರಾತ್ರಿ ಹೊತ್ತು 3.3 ಕಿಲೋವ್ಯಾಟ್‌ನ ಚಾರ್ಜರಿಗೆ ಸಾಕಷ್ಟು ಜಾಗವಿತ್ತು. ಅದರಲ್ಲೇ ನೆಮ್ಮದಿಯಾಗಿ ನಡೆಸುತ್ತಿದ್ದಾರೆ. ಚಾವಣಿಯ ಮೇಲೆ ಸೌರಫಲಕ ಹಾಕಿಸಿ ಮನೆಯ ಮೀಟರಿಗೆ ನೆಟ್ ಮೀಟರಿಂಗ್ (ಸೌರ ವಿದ್ಯುತ್ತನ್ನು ಬಳಕೆಯಿಂದ ಕಳೆಯುವ ವ್ಯವಸ್ಥೆ) ಮಾಡಿಸಿಕೊಂಡವರೂ ಮೊದಲು ಕಾರನ್ನು ಆ ಮೀಟರಿನಲ್ಲೇ ಇಟ್ಟು ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಲೋಡಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಹೆಚ್ಚಿನವರ ದುಡ್ಡು ಸೋರುವುದು ಅಲ್ಲೇ. ಚಾರ್ಜರ್ ಮಾರುವವರು 7.2 ಕಿಲೋವ್ಯಾಟ್‌ನದನ್ನೇ ಕೊಳ್ಳಿ ಎಂದು ಒತ್ತಾಯಿಸುತ್ತಾರೆ. ಅದರಲ್ಲಿ ನಮ್ಮಂಥ ಬ್ಯಾಟರಿ ಸುಮಾರು ಆರು ಗಂಟೆಯಲ್ಲಿ ತುಂಬುತ್ತದೆ, 3.3 ಕಿಲೋವ್ಯಾಟ್‌ನಲ್ಲಿ ಹನ್ನೆರಡು ಹದಿಮೂರು ಗಂಟೆ ಬೇಕು. ಕೇಳಿದಾಕ್ಷಣ ದೊಡ್ಡದೇ ವಾಸಿ ಅನ್ನಿಸುತ್ತದೆ. ಆದರೆ ದಿನಾ ಖಾಲಿ ಬ್ಯಾಟರಿಯೊಂದಿಗೆ ಮನೆಗೆ ಬರುವವರು ಯಾರು? ಬೆಂಗಳೂರಿಗೆ ಹೋಗಿಬಂದರೆ 140 ಕಿಲೋಮೀಟರ್, ಇಪ್ಪತ್ತೊಂದೆರಡು ಯುನಿಟ್. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಗಿನ ಜಾವಕ್ಕೆ 3.3ರಲ್ಲೇ ತುಂಬಿರುತ್ತದೆ. ಸ್ಥಿರ ಶುಲ್ಕ ಬೀಳುವುದು ಕಿಲೋವ್ಯಾಟ್ ಲೆಕ್ಕದಲ್ಲಿ. ಕಾರು ನಿಂತಲ್ಲೇ ನಿಂತಿದ್ದರೂ ತಿಂಗಳು ತಿಂಗಳು ಅದನ್ನು ಕಟ್ಟಬೇಕು. ಮನೆಯ ಮೀಟರಿನಲ್ಲೇ ಲೋಡ್ ಏರಿಸುವವರಿಗೂ ಇದೇ ಮಾತು: ಗೃಹಬಳಕೆಯ ಸ್ಥಿರ ಶುಲ್ಕ 2025ರಲ್ಲಿ ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿಗೆ ಏರಿದೆ. ನಾನು ಚಿಕ್ಕ ಲೋಡನ್ನೇ ಕೇಳಿದೆ, ಈವರೆಗೆ ಕೊರತೆ ಕಂಡಿಲ್ಲ. ಟ್ಯಾಕ್ಸಿ ಓಡಿಸುವವರಿಗೆ, ಒಂದೇ ಮನೆಯಲ್ಲಿ ಎರಡು ಕಾರು ಇರುವವರಿಗೆ ದೊಡ್ಡದು ಬೇಕಾದೀತು.

ಹೊಸ ಸಂಪರ್ಕಕ್ಕೆ ಸರ್ಕಾರಿ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕ ಹೋಗಿ. ನನಗೆ ಮೊದಲು ಸಿಕ್ಕ ಗುತ್ತಿಗೆದಾರರು ಅರ್ತಿಂಗ್‌ಗೆ ಮನೆಯ ಹಳೆಯ ಗುಂಡಿಯೇ ಸಾಕು ಎಂದು ಸಾಧಿಸಿದರು. ಒಪ್ಪದೆ ಬೇರೊಬ್ಬರನ್ನು ಹಿಡಿದೆ. ಗಂಟೆಗಟ್ಟಲೆ ಎಡೆಬಿಡದೆ 15 ಆಂಪಿಯರ್ ಎಳೆಯುವ ಯಂತ್ರ ಮನೆಯಲ್ಲಿ ಮತ್ತೊಂದಿಲ್ಲ. ಗೀಸರ್ ಕೂಡ ಅರ್ಧ ಗಂಟೆಗೆ ನಿಲ್ಲುತ್ತದೆ. ಹೊಸ ಅರ್ತಿಂಗ್, ಸರಿಯಾದ ದಪ್ಪದ ತಾಮ್ರದ ವೈರ್, ಸೋರಿಕೆಯಾದರೆ ತಾನೇ ಕಡಿದುಕೊಳ್ಳುವ ಆರ್‌ಸಿಸಿಬಿ, ಈ ಮೂರರಲ್ಲಿ ಒಂದು ರೂಪಾಯಿಯನ್ನೂ ಉಳಿಸಲು ಹೋಗಬೇಡಿ. ಚೌಕಾಸಿ ಬೇಕಾದರೆ ಚಾರ್ಜರಿನ ಬೆಲೆಯಲ್ಲಿ ಮಾಡಿ.

ಕಾಗದಪತ್ರಗಳಲ್ಲಿ ವಿಶೇಷವೇನಿಲ್ಲ: ಖಾತಾ, ಕಂದಾಯ ಕಟ್ಟಿದ ರಸೀದಿ, ಗುರುತಿನ ಚೀಟಿ, ಈಗಿರುವ ಸಂಪರ್ಕದ ಆರ್‌ಆರ್ ನಂಬರ್, ವಾಹನದ ದಾಖಲೆ. ಈಗ ಅರ್ಜಿ ಹಾಕುವವರು ಮಾತ್ರ ಕಟ್ಟಡದ ಒಸಿ (ಸ್ವಾಧೀನಾನುಭವ ಪತ್ರ) ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಒಸಿ ಇಲ್ಲದ ಕಟ್ಟಡಗಳಿಗೆ ಹೊಸ ವಿದ್ಯುತ್ ಸಂಪರ್ಕ ಸಿಗುವುದು ರಾಜ್ಯದಲ್ಲಿ ದೊಡ್ಡ ಸಮಸ್ಯೆಯಾಯಿತು. ಕಾರು ಬುಕ್ ಮಾಡುವ ಮೊದಲೇ ಇದನ್ನು ವಿಚಾರಿಸಿಕೊಳ್ಳಿ.

ಮೀಟರ್ ಬಂದ ಮೇಲೂ ಒಂದು ಶಿಸ್ತು ಬೇಕು. ಮೇಲ್ಮನೆಯವರು ಒಮ್ಮೆ, "ಅಂಕಲ್, ನಮ್ಮ ಕರೆಂಟ್ ಟ್ರಿಪ್ ಆಗಿದೆ, ವಾಷಿಂಗ್ ಮೆಷಿನ್ ಇಲ್ಲಿಗೆ ಹಾಕ್ಕೊಳ್ಲಾ?" ಎಂದು ಕೇಳಿದರು. ನಯವಾಗಿಯೇ ಆಗುವುದಿಲ್ಲವೆಂದೆ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ದುಪ್ಪಟ್ಟು ದರದಲ್ಲಿ ವಸೂಲಿ ಮಾಡಬಹುದು. ಅದೇ ಸಾಕೆಟ್ಟಿನಲ್ಲಿ ಅವರ ವಿದ್ಯುತ್ ಸ್ಕೂಟರ್ ಚಾರ್ಜ್ ಮಾಡಿಕೊಳ್ಳಲು ಅಡ್ಡಿಯಿಲ್ಲ ಎಂದೆ. ಈಗ ಮಾಡಿಕೊಳ್ಳುತ್ತಿದ್ದಾರೆ, ಬಳಸಿದಷ್ಟಕ್ಕೆ ಹಣ ಕೊಡುತ್ತಾರೆ.

ಅಪಾರ್ಟ್‌ಮೆಂಟ್‌ನವರ ಕಷ್ಟ ನಮ್ಮಂಥ ಬಿಡಿಮನೆಯವರದಕ್ಕಿಂತ ದೊಡ್ಡದು. ಬೆಂಗಳೂರಿನಲ್ಲಿರುವ ತಂಗಿಯ ಮನೆಯ ಸಂಘದಲ್ಲಿ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ, ಬೆಂಕಿ ಹತ್ತುತ್ತದೆ ಎಂದು ತಿಂಗಳುಗಟ್ಟಲೆ ವಾದ ನಡೆಯಿತು. ಟ್ರಾನ್ಸ್‌ಫಾರ್ಮರಿನ ಮಾತನ್ನು ತಳ್ಳಿಹಾಕಲಾಗದು, ಒಟ್ಟು ಲೋಡಿನ ಲೆಕ್ಕ ಮಾಡಿಸಲೇಬೇಕು. ಹಾಗೆಂದು ಸಾರಾಸಗಟಾಗಿ ಬೇಡವೆನ್ನುವ ಕಾಲ ಮುಗಿದಿದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದು, ವಾಹನ ಚಾರ್ಜಿಂಗ್‌ಗೆ ಗ್ರಾಹಕರು ಪ್ರತ್ಯೇಕ ಸಂಪರ್ಕ ಪಡೆಯಬಹುದು ಎಂದು ಸ್ಪಷ್ಟವಾಗಿ ಬರೆದಿದೆ. 2019ರಲ್ಲೇ ಮಾದರಿ ಕಟ್ಟಡ ಬೈಲಾಗಳಲ್ಲಿ ಪಾರ್ಕಿಂಗ್ ಜಾಗದ ಶೇ 20ರಷ್ಟಕ್ಕೆ ಚಾರ್ಜಿಂಗ್ ವ್ಯವಸ್ಥೆಯಿರಬೇಕೆಂದು ಸೇರಿಸಲಾಗಿತ್ತು. ಸಂಘದ ಸಭೆಗೆ ಹೋಗುವಾಗ ಈ ಎರಡರ ಪ್ರತಿ ಕೈಯಲ್ಲಿರಲಿ.

ನೆರೆಯ ಮಹಾರಾಷ್ಟ್ರ ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ ಯೋಚಿಸಿತು. ಅಲ್ಲಿನ 2021ರ ನೀತಿ ನಿಧಾನಗತಿಯ ಚಾರ್ಜರ್‌ಗಳಿಗೂ ಶೇ 60ರವರೆಗೆ, ಗರಿಷ್ಠ 10 ಸಾವಿರ ರೂಪಾಯಿ ಸಹಾಯಧನ ಇಟ್ಟಿತು. ಮನೆಯಲ್ಲಿ ಚಾರ್ಜರ್ ಹಾಕಿಸಿದವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡುವಂತೆ ಸ್ಥಳೀಯ ಸಂಸ್ಥೆಗಳನ್ನು ಪ್ರೋತ್ಸಾಹಿಸಿತು. ದೆಹಲಿಯ 2020ರ ನೀತಿಯಲ್ಲಿ ಮೊದಲ 30,000 ಚಾರ್ಜಿಂಗ್ ಪಾಯಿಂಟ್‌ಗಳಿಗೆ ತಲಾ 6,000 ರೂಪಾಯಿವರೆಗೆ ನೆರವಿತ್ತು. ಆಸ್ತಿ ತೆರಿಗೆಯ ರಿಯಾಯಿತಿ ನನಗೆ ಬಹಳ ಹಿಡಿಸಿದ ಯೋಚನೆ. ಅದು ಕಾರು ಮಾರುವವರ ಕೈಗೆ ಹೋಗುವುದಿಲ್ಲ, ಜಾಗ ಮತ್ತು ವೈರಿಂಗ್‌ಗೆ ಖರ್ಚು ಮಾಡಿದ ಮನೆಯವರಿಗೇ ನೇರವಾಗಿ ತಲುಪುತ್ತದೆ. ಬಾಡಿಗೆ ಮನೆಯ ಮಾಲೀಕರು ಬಾಡಿಗೆದಾರರಿಗಾಗಿ ಚಾರ್ಜರ್ ಹಾಕಿಸಲು ಮನಸ್ಸು ಮಾಡುವುದೂ ಇಂಥದ್ದರಿಂದಲೇ. 2025–30ರ ಸ್ವಚ್ಛ ಸಾರಿಗೆ ನೀತಿಯ ಮೂಲಕ 50 ಸಾವಿರ ಕೋಟಿ ರೂಪಾಯಿ ಹೂಡಿಕೆಯ ಗುರಿ ಇಟ್ಟುಕೊಂಡಿರುವ ನಮ್ಮ ಸರ್ಕಾರ ನಗರಪಾಲಿಕೆಗಳ ಮೂಲಕ ಇದನ್ನೂ ಮಾಡಲಿ ಎಂದು ಮನಃಪೂರ್ವಕ ಕೇಳಿಕೊಳ್ಳುತ್ತೇನೆ.

ನನ್ನ ತೀರ್ಪು ಇಷ್ಟು. ಗೃಹಜ್ಯೋತಿಯ ಫಲಾನುಭವಿಯಾಗಿದ್ದು ಮನೆಯ ಬಳಕೆ 200ರೊಳಗಿದ್ದರೆ, ತಿಂಗಳಿಗೆ ಸಾವಿರ ಕಿಲೋಮೀಟರ್ ಮೀರಿ ಓಡಿಸುವವರಾದರೆ, ಬೇರೆ ಮೀಟರ್‌ಗೆ ಐದಕ್ಕೆ ಐದು ಅಂಕ. ಹಾಕಿಸಿದ ಖರ್ಚು ನನಗೆ ಎಂದೋ ವಾಪಸಾಗಿದೆ. ಬಳಕೆ ಮೊದಲೇ 200 ದಾಟಿದ್ದರೆ ಎರಡೂವರೆ ಅಂಕ. ಅಂಥವರು ಕೆಇಆರ್‌ಸಿಯ ಹೊಸ ದರ ಜಾರಿಯಾದಾಗಲೆಲ್ಲ ಎಲ್‌ಟಿ-6(ಸಿ) ಮತ್ತು ಗೃಹಬಳಕೆಯ ದರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಅಂತರ ಯುನಿಟ್‌ಗೆ ಎರಡು ರೂಪಾಯಿ ದಾಟಿದ ವರ್ಷ ಅರ್ಜಿ ಹಾಕಿ.