ಸೆಡೋನಾ ಉತ್ಸವವೋ, ಮೋಆಬ್‌ನ ಔಟರ್‌ಬೈಕೋ?

ಅಮೆರಿಕದ ಈ ಎರಡೂ ಮೌಂಟನ್ ಬೈಕ್ ಉತ್ಸವಗಳಲ್ಲಿ ಕಂಪನಿಗಳು ತಂದಿರಿಸಿದ ಹೊಸ ಸೈಕಲ್‌ಗಳನ್ನು ಪಡೆದು ನಿಜವಾದ ಟ್ರೇಲ್‌ಗಳಲ್ಲಿ, ಅಂದರೆ ಕಲ್ಲು-ಮಣ್ಣಿನ ಕಾಲುದಾರಿಗಳಲ್ಲಿ, ಓಡಿಸಿ ನೋಡಬಹುದು. ವ್ಯತ್ಯಾಸವಿರುವುದು ದಾರಿಯ ಸ್ವಭಾವದಲ್ಲಿ ಮತ್ತು ಋತುವಿನಲ್ಲಿ.

ಅರಿಜೋನಾದ ಸೆಡೋನಾ ಉತ್ಸವ ಮಾರ್ಚ್‌ನಲ್ಲಿ ಊರಿನೊಳಗಿನ ಪೋಸೆ ಗ್ರೌಂಡ್ಸ್ ಉದ್ಯಾನದಲ್ಲಿ ನಡೆಯುತ್ತದೆ. ಅಗಲವಾದ, ಸುಲಭದ ಬೆಲ್ ರಾಕ್ ಪಾತ್‌ವೇಯಿಂದ ಹಿಡಿದು, ಪ್ರಪಾತದ ಅಂಚಿನಲ್ಲೇ ಸಾಗುವ ಹ್ಯಾಂಗೋವರ್‌ವರೆಗೆ ಎಲ್ಲ ಮಟ್ಟದ ದಾರಿಗಳೂ ಹತ್ತಿರದಲ್ಲಿಯೇ ಇರುವುದರಿಂದ, ಕಷ್ಟವೆನಿಸಿದರೆ ಬೇರೆ ದಾರಿ ಹಿಡಿಯುವುದು ಇಲ್ಲಿ ಸಲೀಸು. ಬೆಳಗಿನ ಚಳಿಗೆ ಮಾತ್ರ ಸಿದ್ಧರಾಗಿರಬೇಕು. ಫೀನಿಕ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಕಾರಿನಲ್ಲಿ ಸುಮಾರು ಎರಡು ಗಂಟೆಯ ಹಾದಿ.

ಯೂಟಾದ ಮೋಆಬ್‌ನಲ್ಲಿ ಶರತ್ಕಾಲದ ಔಟರ್‌ಬೈಕ್ ಅಕ್ಟೋಬರ್‌ನಲ್ಲಿ ನಡೆಯುತ್ತದೆ. ಅಲ್ಲಿನ ಸ್ಲಿಕ್‌ರಾಕ್ ಟ್ರೇಲ್ ಸುಮಾರು 17 ಕಿ.ಮೀ. ಮಾತ್ರವಾದರೂ, ಮರಳುಗಲ್ಲಿನ ದಿಬ್ಬಗಳನ್ನು ಮೇಲಿಂದ ಮೇಲೆ ಹತ್ತಿಳಿಯಬೇಕಾದ್ದರಿಂದ ಕಾಲು ಸೋಲುತ್ತದೆ. ಒಣಗಿದ ಬಂಡೆಯ ಮೇಲೆ ಟೈರಿನ ಹಿಡಿತವೇನೋ ಅಚ್ಚರಿಪಡುವಷ್ಟು ಚೆನ್ನಾಗಿರುತ್ತದೆ. ಅಲ್ಲಿನ ಪ್ರಸಿದ್ಧ ಹೋಲ್ ಎಂಚಿಲಾಡಾ ಟ್ರೇಲ್, ಸುಮಾರು 3,400 ಮೀಟರ್ ಎತ್ತರದ ಬರೋ ಪಾಸ್ ಎಂಬ ಬೆಟ್ಟದ ಕಣಿವೆದಾರಿಯಿಂದ ಕೊಲರಾಡೋ ನದಿಯ ದಡದವರೆಗೆ 2,000 ಮೀಟರ್‌ಗೂ ಹೆಚ್ಚು ಇಳಿಯುತ್ತದೆ. ವಾಹನದಲ್ಲಿ ಮೇಲಕ್ಕೆ ಹೋಗಿ ಇಳಿಯುವುದಷ್ಟೇ ಎಂದು ಭಾವಿಸುವವರು, ಮೇಲ್ತುದಿಯಲ್ಲಿರುವ ಏರನ್ನೂ ಆಮ್ಲಜನಕ ಕಡಿಮೆಯಿರುವ ತೆಳುಗಾಳಿಯನ್ನೂ ಮರೆಯಬಾರದು. ಹಿಮ ಬಿದ್ದರೆ ಮೇಲ್ಭಾಗ ಕೈಬಿಡಬೇಕಾಗುತ್ತದೆ.

ಕಲ್ಲುದಾರಿಯ ಅಭ್ಯಾಸವಿಲ್ಲದವರಿಗೆ, ಅದರಲ್ಲೂ ಕುಟುಂಬದೊಡನೆ ಬರುವವರಿಗೆ, ಸೆಡೋನಾವೇ ಮೇಲು. ಇಡೀ ದಿನದ ದೀರ್ಘ ಇಳಿಜಾರು ಬೇಕೆನ್ನುವ ಅನುಭವಿಗಳು ಮೋಆಬ್‌ಗೆ ಹೋಗಲಿ, ಆದರೆ ಸ್ವಂತದ ಹೆಲ್ಮೆಟ್ ಮತ್ತು ಮೊಣಕಾಲು ಕವಚಗಳೊಂದಿಗೆ.